ಶನಿವಾರ ಗಾಣ ಹೂಡದವರ ಸಭಾಮಂದಿರ

ಬೈಲಹೊಂಗಲದ ನಮ್ಮ ಹಿರಿಯರ ಮನೆಯ ಹಿತ್ತಿಲಲ್ಲಿ ಕಲ್ಲಿನ ಗಾಣವೊಂದು ಈಗಲೂ ಅರ್ಧ ಮಣ್ಣಿನಲ್ಲಿ ಹೂತು ಕುಳಿತಿದೆ. ಅದರ ಬಾಯಿಯ ಒಳಮೈ ಎಷ್ಟು ನುಣುಪಾಗಿದೆಯೆಂದರೆ, ಕೈಯಾಡಿಸಿದರೆ ಇನ್ನೂ ಎಣ್ಣೆಯ ಜಿಡ್ಡು ಹತ್ತೀತೇನೋ ಎನ್ನಿಸುತ್ತದೆ. ನಮ್ಮ ಮುತ್ಯಾ ಅದರಲ್ಲಿ ಕುಸುಬಿಯನ್ನೂ ಶೇಂಗಾವನ್ನೂ ಹಿಂಡುತ್ತಿದ್ದರು. ಹಿಂಡಿಯನ್ನು ದನಕರು ಸಾಕಿದವರು ಬಂದು ಒಯ್ಯುತ್ತಿದ್ದರು. ವಾರದ ಆರು ದಿನ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸುತ್ತುತ್ತಿದ್ದ ಎತ್ತಿಗೆ ಸೋಮವಾರ ಬಿಡುವು. ಅಂದು ಯಾರೇ ಬಂದು ಎಷ್ಟೇ ಅವಸರ ಮಾಡಿದರೂ ಮುತ್ಯಾನದು ಒಂದೇ ಮಾತು: “ಸೋಮಾರ ಬಸವಣ್ಣನ ಹೆಗಲಿಗೆ ನೊಗಾ ಇಡೂದಿಲ್ಲ, ನಾಳೆ ಬರ್ರಿ.” ಊರವರಿಗೂ ಅದು ರೂಢಿಯಾಗಿತ್ತು. ಎಣ್ಣೆ ಬೇಕಾದವರು ರವಿವಾರವೇ ಬಂದು ಮುಗಿಸಿಕೊಳ್ಳುತ್ತಿದ್ದರು.

ಈ ಹಿನ್ನೆಲೆಯಿಂದ ಬಂದ ನನಗೆ, ಬೆಳಗಾವಿಯ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಾಗ ಕೊಂಕಣದ ಜಾತಿ ಸಮುದಾಯಗಳ ವಿವರಣೆಯ ನಡುವೆ ಸಿಕ್ಕ ಎರಡು ಪದಗಳು ಮರೆಯಲಾಗದಂತೆ ನಾಟಿದವು: ‘ಶನಿವಾರ ತೇಲಿ’. ಅಲಿಬಾಗ, ಪೇಣ, ರೇವದಂಡಾ ಸುತ್ತಿನ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದ ಒಂದು ಜನವರ್ಗವನ್ನು ನೆರೆಹೊರೆಯವರು ಹಾಗೆ ಕರೆಯುತ್ತಿದ್ದರಂತೆ. ಶನಿವಾರ ಇವರ ಗಾಣ ತಿರುಗುತ್ತಿರಲಿಲ್ಲ. ಹೊಲಕ್ಕೂ ಇವರು ಇಳಿಯುತ್ತಿರಲಿಲ್ಲ. ಇವರು ಯಹೂದಿಗಳು. ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಹೆಸರು ಬೆನೆ ಇಸ್ರಾಯೇಲ್, ಅಂದರೆ ಇಸ್ರಾಯೇಲನ ಮಕ್ಕಳು. ನಮ್ಮ ಉತ್ತರ ಕರ್ನಾಟಕದ ಶಾಸನಗಳಲ್ಲಿ ದೇವಾಲಯದ ನಂದಾದೀವಿಗೆಗೆ ಎಣ್ಣೆ ಬಿಟ್ಟುಕೊಟ್ಟ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಗಾಣಿಗರ ಸಂಘದ ಹೆಸರು ಬರುತ್ತದೆ. ತೆಲ್ಲಿಗ ಎಂಬ ನಮ್ಮ ಪದವೂ ತೇಲಿ ಎಂಬ ಅವರ ಪದವೂ ಒಂದೇ ಎಣ್ಣೆಯ ನಂಟಿನವು. ಕಸುಬು ಒಂದೇ, ಬಿಡುವಿನ ವಾರ ಬೇರೆ. ಅಂದಿನಿಂದ ಈ ಸಮುದಾಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಕಳೆದ ಚಳಿಗಾಲದಲ್ಲಿ ಅವರ ಅತ್ಯಂತ ಹಳೆಯ ಸಭಾಮಂದಿರದಲ್ಲಿ, ಅಂದರೆ ಪ್ರಾರ್ಥನಾಲಯದಲ್ಲಿ, ಒಂದು ಶನಿವಾರದ ಬೆಳಗನ್ನು ಕಳೆಯುವ ಅವಕಾಶವೂ ದೊರೆಯಿತು.

ಅವರ ಪರಂಪರೆಯ ಕಥೆ ಸಮುದ್ರದಿಂದ ಶುರುವಾಗುತ್ತದೆ. ಎಂದೋ ಒಂದು ಕಾಲದಲ್ಲಿ ಹಡಗೊಂದು ಅಲಿಬಾಗದ ಹತ್ತಿರದ ನವಗಾಂವ ದಂಡೆಯ ಬಳಿ ಒಡೆದು, ಏಳು ಗಂಡಸರೂ ಏಳು ಹೆಂಗಸರೂ ಮಾತ್ರ ಬದುಕಿ ದಡ ಸೇರಿದರು. ಸತ್ತವರನ್ನು ಅಲ್ಲಿಯೇ ಹೂತರು. ಗ್ರಂಥಗಳೆಲ್ಲ ನೀರು ಪಾಲಾದವು. ಅದು ಯಾವ ಶತಮಾನದ ಮಾತು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಗ್ರಂಥವಿಲ್ಲದೆ, ಗುರುವಿಲ್ಲದೆ, ಮಂದಿರವಿಲ್ಲದೆ ಈ ಜನ ತಲೆಮಾರುಗಟ್ಟಲೆ ತಮ್ಮತನವನ್ನು ಕಾಯ್ದುಕೊಂಡರೆಂಬುದು ನಿಜ. ಅವರ ಬಳಿ ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಸಂಗತಿಗಳು ಮಾತ್ರ. ಶನಿವಾರದ ಬಿಡುವು, ಗಂಡುಮಗು ಹುಟ್ಟಿದ ಎಂಟನೆಯ ದಿನದ ಸುನ್ನತಿ, ಈಜುರೆಕ್ಕೆಯೂ ಹುರುಪೆಯೂ ಇಲ್ಲದ ಮೀನನ್ನು ತಿನ್ನದ ನಿಯಮ, ಮತ್ತು ‘ಶೆಮಾ ಇಸ್ರಾಯೇಲ್’ ಎಂದು ಮೊದಲಾಗುವ ಒಂದೇ ಒಂದು ಪ್ರಾರ್ಥನೆಯ ಸಾಲು. ಮದುವೆಗೂ ಅದೇ ಸಾಲು, ಮುಂಜಾನೆಗೂ ಅದೇ ಸಾಲು, ಮಣ್ಣು ಕೊಡುವಾಗಲೂ ಅದೇ ಸಾಲು. ಕೊಚ್ಚಿಯ ಕಡೆಯಿಂದ ಬಂದ ದಾವೀದ್ ರಹಾಬಿ ಎಂಬವರು ಇವರ ಹೆಂಗಸರಿಗೆ ಮೀನಿನ ರಾಶಿಯನ್ನು ಕೊಟ್ಟು ಅಡುಗೆ ಮಾಡಲು ಹೇಳಿದಾಗ, ಅವರು ಹುರುಪೆಯಿಲ್ಲದ ಮೀನುಗಳನ್ನು ಬೇರೆಯಾಗಿ ಎತ್ತಿಟ್ಟರೆಂದೂ, ಅದನ್ನು ಕಂಡೇ ಇವರು ತಮ್ಮವರೆಂದು ಅವರು ಗುರುತಿಸಿದರೆಂದೂ ಸಮುದಾಯದಲ್ಲಿ ಹೇಳುತ್ತಾರೆ. ಒಂದು ಧರ್ಮದ ಗುರುತು ಅಡುಗೆಮನೆಯ ಹೆಂಗಸರ ಕೈಯಲ್ಲಿ ಉಳಿದು ಬಂದದ್ದನ್ನು ಹೇಳುವ ಈ ಕಥೆ ನನಗೆ ಅವರ ಎಲ್ಲ ಕಥೆಗಳಿಗಿಂತ ಪ್ರಿಯವಾದದ್ದು.

ಉಳಿದಂತೆ ಅವರು ಪೂರ್ತಿಯಾಗಿ ಕೊಂಕಣದ ಮರಾಠಿ ಜನ. ಪೇಣದವರು ಪೇಣಕರ, ಕಿಹೀಮದವರು ಕೆಹಿಮಕರ, ನವಗಾಂವದವರು ನವಗಾಂವಕರ. ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ಬದುಕುವ ನಮ್ಮ ಭಾಗದವರಿಗೆ ಇದರಲ್ಲಿ ಹೊಸತೇನೂ ಕಾಣದು. ಹಬ್ಬಗಳಿಗೂ ಮರಾಠಿ ಹೆಸರುಗಳೇ ಬಂದವು. ಹೊಸ ವರುಷದ ಹಬ್ಬ ‘ನವ್ಯಾಚಾ ಸಣ’. ಬಾಗಿಲು ಹಾಕಿಕೊಂಡು, ಬಿಳಿ ಬಟ್ಟೆ ಉಟ್ಟು, ದಿನವಿಡೀ ಉಪವಾಸವಿರುವ ಪ್ರಾಯಶ್ಚಿತ್ತದ ದಿನ ‘ದಾರಫಾಳ್ಣೀಚಾ ಸಣ’. ಜೆರೂಸಲೇಮಿನ ದೇವಾಲಯ ನಾಶವಾದ ಶೋಕದ ದಿನಕ್ಕೆ, ಅಂದು ಉಪವಾಸ ಬಿಡುವಾಗ ಉಣ್ಣುವ ಮೊಳಕೆಯೊಡೆದ ಅವರೆಕಾಳಿನ ಪಲ್ಯದಿಂದಾಗಿ, ‘ಬಿರಡ್ಯಾಚಾ ಸಣ’ ಎಂದೇ ಹೆಸರು. ಹರಕೆ ತೀರಿದಾಗ, ಮದುವೆ ಬಾಣಂತನದ ಸಂದರ್ಭದಲ್ಲಿ, ಪ್ರವಾದಿ ಎಲೀಯನ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣು, ಸುತ್ತಲೂ ಹಣ್ಣುಗಳ ತಟ್ಟೆ. ನಮ್ಮಲ್ಲಿ ಮೊಹರಮ್ಮಿಗೆ ಮಲೀದಾ ಹಂಚುತ್ತಾರೆ, ಲಿಂಗಾಯತರ ಮನೆಯಲ್ಲಿ ಮಾದಲಿ ಮಾಡುತ್ತಾರೆ. ಹೆಸರು, ಹಿಟ್ಟು, ದೇವರು ಬೇರೆ ಬೇರೆಯಾದರೂ ಪುಡಿ ಮಾಡಿದ ಸಿಹಿಯನ್ನು ಬೊಗಸೆಯಲ್ಲಿ ಹಂಚುವ ರೀತಿ ಮಾತ್ರ ಒಂದೇ.

ಹೀಗೆ ಹಳ್ಳಿಗಳಲ್ಲಿ ಚದುರಿದ್ದ ಜನ ನಗರದ ಸಮುದಾಯವಾದದ್ದು ಹದಿನೆಂಟನೆಯ ಶತಮಾನದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯ, ಬಂದರು, ಬಡಗಿ ಕೆಲಸ, ಮುಂದೆ ರೈಲು ಮತ್ತು ಅಂಚೆ, ಇವೆಲ್ಲ ಅವರನ್ನು ಗಾಣದಿಂದ ಎಬ್ಬಿಸಿ ಮುಂಬಯಿಗೆ ಕರೆತಂದವು. ಸೈನ್ಯದಲ್ಲಿ ಸುಬೇದಾರ ದರ್ಜೆಗೆ ಏರಿದವರು ಅನೇಕರು. ಬೆಳಗಾವಿಯೂ 1956ರವರೆಗೆ ಆ ಮುಂಬಯಿ ಪ್ರಾಂತದ್ದೇ ಊರು ಎಂಬುದನ್ನು ನೆನೆದಾಗ, ಅವರ ಕಥೆ ನಮಗೆ ತೀರ ಹೊರಗಿನದೆಂದು ಅನ್ನಿಸುವುದಿಲ್ಲ. ಅವರ ಮೊದಲ ಸಭಾಮಂದಿರದ ಬೇರಂತೂ ಕರ್ನಾಟಕದ ನೆಲದಲ್ಲಿಯೇ ಇದೆ.

ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ ಮುಂಬಯಿ ಸೈನ್ಯದ ಅಧಿಕಾರಿ. ಊರ ಬಳಕೆಯ ಹೆಸರು ಸಾಮಾಜಿ ಹಸಾಜಿ. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕರು. ಮುಂದಿನದು ಸಮುದಾಯ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಕಥೆ. ಸೆರೆಯಾಳುಗಳನ್ನು ಯಾವ ಜನದವರೆಂದು ವಿಚಾರಿಸಿದಾಗ ದಿವೇಕರರು ‘ಬೆನೆ ಇಸ್ರಾಯೇಲ್’ ಎಂದರು. ಆ ಹೆಸರನ್ನು ಕೇಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಉಲ್ಲೇಖವಿರುವ ಜನ ಇವರು, ನಾವು ಇಂಥವರನ್ನು ಕಂಡಿರಲಿಲ್ಲ, ಇವರ ಜೀವ ಉಳಿಸು ಎಂದು ಮಗನನ್ನು ಕೇಳಿಕೊಂಡಳು. ಬಿಡುಗಡೆಯಾಗಿ ಊರು ಸೇರಿದರೆ ದೇವರ ಹೆಸರಿನಲ್ಲಿ ಒಂದು ಮಂದಿರ ಕಟ್ಟಿಸುತ್ತೇನೆಂದು ದಿವೇಕರರು ಸೆರೆಯಲ್ಲಿಯೇ ಹರಕೆ ಹೊತ್ತಿದ್ದರಂತೆ. 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಆ ಹರಕೆ ತೀರಿತು. ಮಂದಿರಕ್ಕೆ ‘ಶಾರ್ ಹರಹಮಿಮ್’, ಅಂದರೆ ಕರುಣೆಯ ಬಾಗಿಲು, ಎಂಬ ಹೆಸರು ಬಂತು. ಕೇವಲ ಕಟ್ಟಡದಿಂದ ಸಭಾಮಂದಿರವಾಗುವುದಿಲ್ಲ; ಅದಕ್ಕೆ ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿ ಬೇಕು, ಚರ್ಮದ ಹಾಳೆಯ ಮೇಲೆ 3,04,805 ಅಕ್ಷರಗಳನ್ನು ಒಂದೂ ತಪ್ಪದಂತೆ ಕೈಯಿಂದ ಬರೆದದ್ದು. ಆ ಸುರುಳಿಗಾಗಿ ಕೊಚ್ಚಿಗೆ ಹೋದ ದಿವೇಕರರು 1797ರಲ್ಲಿ ಅಲ್ಲಿಯೇ ತೀರಿಕೊಂಡರು.

ಬಾಗಿಲಿಗೆ ಕರುಣೆಯ ಹೆಸರನ್ನೇಕೆ ಇಟ್ಟರೆಂದು ಯಾರೂ ವಿವರಿಸಬೇಕಾಗಿಲ್ಲ. ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ನಡೆಯುವ ವಾದಗಳು ಎಲ್ಲರಿಗೂ ಗೊತ್ತಿರುವಂಥವು. ಅವುಗಳ ನಡುವೆ ಒಬ್ಬ ತಾಯಿಯ ಮಾತಿಗೆ ಸಂದ ಈ ನೆನಪು ಇನ್ನೊಂದು ಊರಿನಲ್ಲಿ ಇನ್ನೊಂದು ಜನ 200 ವರ್ಷಗಳಿಗೂ ಹೆಚ್ಚು ಕಾಲದಿಂದ ಕಾಪಾಡಿಕೊಂಡು ಬಂದದ್ದು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಬೆಳಗಾವಿಯಿಂದ ರಾತ್ರಿಯ ಗಾಡಿ ಹಿಡಿದು ಶುಕ್ರವಾರ ದಾದರದಲ್ಲಿ ಇಳಿದು, ಲೋಕಲ್ ಬದಲಿಸಿ, ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದೆ. ಈ ನಿಲ್ದಾಣದ ಹೆಸರಿನಲ್ಲಿರುವ ‘ಮಸ್ಜಿದ್’ ಮುಸಲ್ಮಾನರ ಮಸೀದಿಯಲ್ಲ, ದಿವೇಕರರ ಸಭಾಮಂದಿರವೇ ಎಂದು ಸುತ್ತಲಿನ ಯಹೂದಿಗಳು ಹೇಳುತ್ತಾರೆ. ಮಂದಿರಕ್ಕೆ ಅಲ್ಲಿನ ಜನ ಇಟ್ಟ ಹೆಸರೇ ‘ಜುನೀ ಮಶೀದ’. ಮಂದಿರವಿರುವ ಬೀದಿ ಸಾಮ್ಯುಯೆಲ್ ಸ್ಟ್ರೀಟ್. ಈಗಿನ ಕಟ್ಟಡ 1860ರದು. ಮೆಣಸಿನಕಾಯಿ, ಒಣಹಣ್ಣು, ಮಸಾಲೆಯ ಸಗಟು ಅಂಗಡಿಗಳ ನಡುವೆ, ತಲೆಯ ಮೇಲೆ ಮೂಟೆ ಹೊತ್ತ ಹಮಾಲರಿಗೆ ದಾರಿ ಬಿಡುತ್ತ ಹೋದರೆ, ಗೊತ್ತಿಲ್ಲದವರು ದಾಟಿ ಮುಂದೆ ಹೋಗಿಬಿಡುವಂಥ ಒಂದು ಸಾದಾ ಮುಂಭಾಗ. ನನ್ನನ್ನು ಕರೆದೊಯ್ದವರು ನನ್ನ ತಂಗಿಯ ಸಹೋದ್ಯೋಗಿಯ ತಾಯಿ. ಎಂಬತ್ತು ದಾಟಿದ ಆ ಹಿರಿಯರನ್ನು ಮೊದಲ ಭೇಟಿಯಲ್ಲಿಯೇ ನಮ್ಮ ಬೆಳಗಾವಿಯ ರೂಢಿಯಂತೆ ಮೌಶಿ ಎಂದು ಕರೆದೆ. ಅವರು ನನ್ನನ್ನು ಪೋರಿ ಎಂದರು. ನನಗೂ ಐವತ್ತೆಂಟಾಗಿದೆ, ಆದರೂ ಆ ಕರೆ ಹಿತವಾಗಿತ್ತು.

ಬಾಗಿಲಿನ ಚೌಕಟ್ಟಿನ ಬಲಗಡೆ ಓರೆಯಾಗಿ ಕೂಡಿಸಿದ ಒಂದು ಚಿಕ್ಕ ಕೊಳವೆಯನ್ನು ಮೌಶಿ ಬೆರಳ ತುದಿಯಿಂದ ಮುಟ್ಟಿ, ಬೆರಳನ್ನು ತುಟಿಗೆ ತಂದುಕೊಂಡರು. ಅದು ಮೆಜುಜಾ. ಅದರೊಳಗಿನ ಚರ್ಮದ ಸುರುಳಿಯಲ್ಲಿ ಬರೆದಿರುವುದು ಅದೇ ಶೆಮಾ ಪ್ರಾರ್ಥನೆ, ಕೊಂಕಣದ ಹಳ್ಳಿಗಳಲ್ಲಿ ಎಲ್ಲ ಮರೆತಾಗಲೂ ಮರೆಯದೆ ಉಳಿದಿದ್ದ ಸಾಲು. ಒಳಗೆ ನಡುವೆ ಮರದ ಕಟಕಟೆಯ ತೇವಾ, ಪ್ರಾರ್ಥನೆ ನಡೆಸುವವರು ನಿಲ್ಲುವ ಜಗುಲಿ. ಜೆರೂಸಲೇಮಿನ ದಿಕ್ಕೆಂದು ಪಡುವಣ ಗೋಡೆಯಲ್ಲಿ ಹೇಖಾಲ್, ತೋರಾ ಸುರುಳಿಗಳನ್ನು ಇಡುವ ಪರದೆಯ ಮರೆಯ ಕಪಾಟು. ಮೇಲೆ ಹೆಂಗಸರ ಮಹಡಿ. ಹೇಖಾಲಿನ ಮುಂದೆ ಸದಾ ಉರಿಯಬೇಕಾದ ದೀಪ. “ನಿಮ್ಮಲ್ಲಿ ಇದಕ್ಕೇನಂತಾರ?” ಎಂದು ಮೌಶಿ ಮರಾಠಿಯಲ್ಲಿ ಕೇಳಿದರು. ನಂದಾದೀಪ ಎಂದೆ. ಹೀಬ್ರೂವಿನಲ್ಲಿ ನೇರ್ ತಮೀದ್, ಅರ್ಥ ಅದೇ.

ಮಂದಿರ ಕಟ್ಟಿದ ಮೇಲೂ ಅದರೊಳಗೆ ಓದಲು ಬರುವವರು ತುಂಬ ಕಡಿಮೆ ಇದ್ದ ಕಾಲ ಅದು. ಆ ಕೊರತೆಯನ್ನು ನೀಗಿದ ರೀತಿಯೇ ಈ ಸಮುದಾಯದ ಮೊದಲ ದೊಡ್ಡ ಪುನರುಜ್ಜೀವನ ಎಂದು ನಾನು ಭಾವಿಸುತ್ತೇನೆ. ಕೊಚ್ಚಿಯಿಂದ ಬಂದ ಯಹೂದಿ ಉಪಾಧ್ಯಾಯರು ಪ್ರಾರ್ಥನಾಕ್ರಮವನ್ನು ಕಲಿಸಿದರು. ಸ್ಕಾಟಿಷ್ ಮಿಷನರಿ ಜಾನ್ ವಿಲ್ಸನ್ 1832ರಲ್ಲಿ ಇವರಿಗಾಗಿಯೇ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವೊಂದನ್ನು ಸಿದ್ಧಪಡಿಸಿದರು. ಮಿಷನರಿಗಳ ಮನಸ್ಸಿನಲ್ಲಿದ್ದದ್ದು ಮತಾಂತರ. ಸಮುದಾಯ ಅವರ ಶಾಲೆಗಳಿಂದ ಅಕ್ಷರವನ್ನು ಪಡೆದುಕೊಂಡಿತು. ಮತವನ್ನು ಬದಲಿಸಿದವರು ತೀರ ವಿರಳ. ಕಲಿತ ಅಕ್ಷರದಿಂದ ಅವರು ತಮ್ಮದೇ ಗ್ರಂಥಗಳನ್ನು ಓದಿದರು, ಮರಾಠಿಗೆ ತಂದರು, ಕೀರ್ತನೆಗಳನ್ನು ಕಟ್ಟಿದರು. 1874ರಲ್ಲಿ ಪುಣೆಯಲ್ಲಿ ಅಚ್ಚಾದ, ಪಾಸ್ಕ ಹಬ್ಬದ ರಾತ್ರಿ ಓದುವ ಹಗ್ಗಾದಾದ ಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರು ನೆಲದ ಮೇಲೆ ಕುಳಿತು ಹುಳಿಯಿಲ್ಲದ ರೊಟ್ಟಿ ಮಾಡುತ್ತಿದ್ದಾರೆ. ಈಜಿಪ್ತಿನ ದಾಸ್ಯದಿಂದ ಬಿಡುಗಡೆಯಾದವರ ಕಥೆಯನ್ನು ಹೇಳುವ ಪುಸ್ತಕದಲ್ಲಿ ನಮ್ಮ ಶಹಾಪುರದ ಓಣಿಯಲ್ಲಿ ಕಾಣುವಂಥ ಹೆಂಗಸರು! ಆ ಚಿತ್ರದ ಪ್ರತಿಯನ್ನು ಮೊದಲ ಬಾರಿ ನೋಡಿದಾಗ ಬಹಳ ಹೊತ್ತು ಅದರ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಮರುವರ್ಷ, 1875ರಲ್ಲಿ, ಹಾಯಿಮ್ ಸಾಮ್ಯುಯೆಲ್ ಕೆಹಿಮಕರರು ಸಮುದಾಯದ ಮಕ್ಕಳಿಗಾಗಿ ಮುಂಬಯಿಯಲ್ಲಿ ಶಾಲೆಯನ್ನು ತೆರೆದರು. ಮುಂದೆ ಅದು ಸರ್ ಎಲಿ ಕಡೂರಿ ಶಾಲೆ ಎಂದು ಹೆಸರಾಯಿತು.

ಅದೇ ಶತಮಾನದಲ್ಲಿ ಬಾಗ್ದಾದಿನಿಂದ ಬಂದ ಸಸೂನ್ ಮನೆತನ ಮುಂಬಯಿಯ ವ್ಯಾಪಾರದಲ್ಲಿ ಬಹು ದೊಡ್ಡ ಹೆಸರಾಯಿತು. ಬಾಯ್ಕುಳಾದ ಮಾಗೆನ್ ದಾವೀದ್ (1864), ಪುಣೆಯಲ್ಲಿ ಜನ ಲಾಲ್ ದೇವುಳ್ ಎನ್ನುವ ಕೆಂಪು ಇಟ್ಟಿಗೆಯ ಓಹೆಲ್ ದಾವೀದ್ (1867), ಮುಂಬಯಿ ಕೋಟೆ ಭಾಗದ ಕ್ನೆಸೆತ್ ಎಲಿಯಾಹು (1884), ಇವೆಲ್ಲ ಸಸೂನರು ಕಟ್ಟಿಸಿದ ಭವ್ಯ ಮಂದಿರಗಳು. ಆದರೆ ಬಾಗ್ದಾದಿ ಯಹೂದಿಗಳಲ್ಲಿ ಅನೇಕರು ಕೊಂಕಣದ ಬೆನೆ ಇಸ್ರಾಯೇಲರನ್ನು ಸರಿಸಮಾನರೆಂದು ಒಪ್ಪಲಿಲ್ಲ. ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ತುಂಬಿದ ಹತ್ತು ಗಂಡಸರು ಸೇರಲೇಬೇಕು. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಹತ್ತು ಜನವಿಲ್ಲದೆ ತೋರಾ ಸುರುಳಿಯನ್ನು ಹೊರತೆಗೆದು ಓದುವಂತಿಲ್ಲ, ತೀರಿಹೋದವರ ಹೆಸರಿನಲ್ಲಿ ಕದ್ದೀಶ್ ಪ್ರಾರ್ಥನೆ ಹೇಳುವಂತಿಲ್ಲ. ಆ ಹತ್ತರ ಲೆಕ್ಕಕ್ಕೆ ಬೆನೆ ಇಸ್ರಾಯೇಲರನ್ನು ಹಿಡಿಯಬಾರದೆಂಬ ಪಂಕ್ತಿಭೇದ ಅಲ್ಲಿ ನಡೆಯುತ್ತಿತ್ತು. ಪಂಕ್ತಿಭೇದದ ಬಿಸಿಯನ್ನು ಕಂಡುಂಡ ನಮ್ಮ ನಾಡಿನವರಿಗೆ ಅದರ ನೋವು ಬಿಡಿಸಿ ಹೇಳಬೇಕಾಗಿಲ್ಲ. ಸ್ವಾತಂತ್ರ್ಯದ ನಂತರ ಬಾಗ್ದಾದಿಗಳು ಬಹುಪಾಲು ಇಂಗ್ಲೆಂಡು ಮೊದಲಾದ ಕಡೆಗೆ ಹೊರಟುಹೋದರು. ಇಂದು ಸಸೂನರು ಕಟ್ಟಿಸಿದ ಆ ಮಂದಿರಗಳಲ್ಲಿ ಹತ್ತರ ಲೆಕ್ಕ ತುಂಬುತ್ತಿರುವವರು, ಬಾಗಿಲು ತೆಗೆದು ದೀಪ ಹಚ್ಚುತ್ತಿರುವವರು, ಮುಖ್ಯವಾಗಿ ಬೆನೆ ಇಸ್ರಾಯೇಲರೇ.

ಬೆನೆ ಇಸ್ರಾಯೇಲರೂ ಹೊರಟರು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಮನೆಮನೆಗಳೇ ಖಾಲಿಯಾದವು. 1951ರ ಜನಗಣತಿಯಲ್ಲಿ 26,000ಕ್ಕೂ ಹೆಚ್ಚು ಯಹೂದಿಗಳಿದ್ದ ಭಾರತದಲ್ಲಿ 2011ರ ಹೊತ್ತಿಗೆ 5,000ಕ್ಕಿಂತ ಕಡಿಮೆ ಉಳಿದಿದ್ದರು. ಇಲ್ಲಿ ಅವರನ್ನು ಯಾರೂ ಹೊಡೆದು ಓಡಿಸಲಿಲ್ಲ. ಶತಮಾನಗಳ ಕಾಲ ನೆರೆಯವರಿಂದ ಕಿರುಕುಳವಿಲ್ಲದೆ ಬದುಕಿದೆವೆಂದು ಅವರೇ ಎಲ್ಲ ಕಡೆ ಹೇಳಿಕೊಳ್ಳುತ್ತಾರೆ. ಇಸ್ರೇಲಿನಲ್ಲಿ ಮಾತ್ರ ಅವರಿಗೆ ಮತ್ತೊಮ್ಮೆ ಅದೇ ಪ್ರಶ್ನೆ ಎದುರಾಯಿತು. 1962ರಲ್ಲಿ ಅಲ್ಲಿನ ಮುಖ್ಯ ಧರ್ಮಗುರುಗಳ ಪೀಠ, ಬೆನೆ ಇಸ್ರಾಯೇಲರ ಮದುವೆಗೆ ಮೊದಲು ವಂಶದ ವಿಚಾರಣೆ ನಡೆಸಬೇಕೆಂಬ ಸೂಚನೆಯನ್ನು ಹೊರಡಿಸಿತು. ಸಮುದಾಯ ಬೀದಿಗಿಳಿಯಿತು. ಕೊನೆಗೆ 1964ರಲ್ಲಿ, ಇವರು ಎಲ್ಲ ವಿಷಯಗಳಲ್ಲಿಯೂ ಪೂರ್ಣ ಯಹೂದಿಗಳು ಎಂದು ಇಸ್ರೇಲ್ ಸಂಸತ್ತು ಸಾರಬೇಕಾಯಿತು. ಹೋದವರು ಮರಾಠಿಯನ್ನು ಬಿಡಲಿಲ್ಲ. ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನು ಅಲ್ಲಿಂದ ಹೊರಡಿಸಿದರು.

ಹಾಗಾದರೆ ಇಲ್ಲಿ ಉಳಿದವರ ಸಮುದಾಯ ಚಿಗುರಿದೆ ಎನ್ನಬಹುದೇ? ಮೌಶಿಯ ಮನೆಯಲ್ಲಿ ಆ ಶುಕ್ರವಾರ ಸಂಜೆ ಇದೇ ಮಾತು ಬಂತು. ಕ್ನೆಸೆತ್ ಎಲಿಯಾಹುವಿನ ಜೀರ್ಣೋದ್ಧಾರವನ್ನು ಅವರು ಅಭಿಮಾನದಿಂದ ವರ್ಣಿಸಿದರು. ಸೋರುತ್ತಿದ್ದ ಕಟ್ಟಡವನ್ನು ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ ದಿಲಾವರಿಯವರ ಮಾರ್ಗದರ್ಶನದಲ್ಲಿ ಬಣ್ಣದ ಗಾಜಿನ ಕಿಟಕಿಯಿಂದ ಹಿಡಿದು ನೆಲದವರೆಗೆ ಸರಿಪಡಿಸಿ, 2019ರ ಫೆಬ್ರುವರಿಯಲ್ಲಿ ಮತ್ತೆ ತೆರೆಯಲಾಯಿತು; ಅದೇ ವರ್ಷ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿಯೂ ಬಂತು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸಮುದಾಯದ ಮಾನ್ಯತೆ ಕೊಟ್ಟಿತು. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಸಮುದಾಯದ ಮರುಹುಟ್ಟನ್ನು ಕಟ್ಟಡದಿಂದ ಅಳೆಯುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಮಂದಿರವಿಲ್ಲದ ಶತಮಾನಗಳಲ್ಲಿ ಈ ಜನರನ್ನು ಉಳಿಸಿದ್ದು ತಿರುಗದೆ ನಿಂತ ಗಾಣ, ಎತ್ತಿಟ್ಟ ಮೀನು, ಒಂದು ಸಾಲಿನ ಪ್ರಾರ್ಥನೆ. ಅಂಥದ್ದನ್ನು ಈಗ ಯಾರು ಮಾಡುತ್ತಿದ್ದಾರೆ ಎಂದು ಹುಡುಕಬೇಕು.

ಹುಡುಕಿದರೆ ಹೆಂಗಸರೇ ಹೆಚ್ಚು ಕಾಣುತ್ತಾರೆ. ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಡಾ. ಜೆರುಶಾ ಝಿರಾಡ ಲಂಡನ್ನಿನಲ್ಲಿ ವೈದ್ಯಕೀಯ ಓದಿ, ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ, 1966ರಲ್ಲಿ ಪದ್ಮಶ್ರೀ ಪಡೆದವರು. ಅವರೇ 1925ರಲ್ಲಿ ಸೋದರಿ ಲೀಯಾ ಅವರೊಡನೆ ಮುಂಬಯಿಯಲ್ಲಿ ಯಹೂದಿ ಉದಾರ ಪಂಥದ ಒಕ್ಕೂಟವನ್ನು ಕಟ್ಟಿದರು. ಅಲ್ಲಿ ಮೇಲ್ಮಹಡಿಯ ಪ್ರತ್ಯೇಕತೆ ಇರಲಿಲ್ಲ, ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತರು. 1956ರಲ್ಲಿ ತೆರೆದ ದೆಹಲಿಯ ಜೂಡಾ ಹಾಯಿಮ್ ಸಭಾಮಂದಿರದಲ್ಲಿ ಈಗ ಹತ್ತರ ಲೆಕ್ಕಕ್ಕೆ ಹೆಂಗಸರನ್ನೂ ಹಿಡಿಯುತ್ತಾರೆ. ಈ ಮಾತು ಹೇಳಿದಾಗ ಮೌಶಿ ನಕ್ಕು, “ನಮ್ಮಲ್ಲಿ ಇನ್ನೂ ಆ ಕಾಲ ಬಂದಿಲ್ಲ, ನಾವು ಮೇಲೆ ಕುಳಿತು ಎಣಿಸುವವರು” ಎಂದರು. ಆ ಮಾತಿನ ಅರ್ಥ ನನಗೆ ಮರುದಿನ ಬೆಳಿಗ್ಗೆ ತಿಳಿಯಿತು.

ಸೂರ್ಯ ಮುಳುಗುವ ಮುನ್ನ ಅವರು ಶನಿವಾರದ ಬಿಡುವಿನ, ಅಂದರೆ ಸಬ್ಬತ್ತಿನ, ದೀಪ ಹಚ್ಚಿದರು. ಗಾಜಿನ ಲೋಟದಲ್ಲಿ ಅರ್ಧ ನೀರು, ನೀರಿನ ಮೇಲೆ ಎರಡು ಬೆರಳಿನಷ್ಟು ಕೊಬ್ಬರಿ ಎಣ್ಣೆ, ಎಣ್ಣೆಯಲ್ಲಿ ಬತ್ತಿ. ಎಣ್ಣೆ ತೀರಿದಾಗ ಬತ್ತಿ ನೀರಿಗೆ ತಾಗಿ ತಾನೇ ಆರುತ್ತದೆ. ಸಬ್ಬತ್ತಿನ ದಿನ ಬೆಂಕಿ ಹೊತ್ತಿಸುವುದೂ ಇಲ್ಲ, ಆರಿಸುವುದೂ ಇಲ್ಲ. ಎಣ್ಣೆ ಸುರಿಯುವಾಗ ಅವರ ಕೈ ಒಂದಿಷ್ಟೂ ನಡುಗಲಿಲ್ಲ. ಕೊನೆಯ ಹನಿ ಬಾಟಲಿಯ ಕಂಠದಲ್ಲಿ ನಿಂತಾಗ ಬೆರಳಿನಿಂದ ಒರೆಸಿ, ಆ ಬೆರಳನ್ನು ನೆತ್ತಿಗೆ ಸವರಿಕೊಂಡರು. ನಮ್ಮ ಮುತ್ಯಾ ಗಾಣದ ಎಣ್ಣೆ ಅಳೆದು ಕೊಟ್ಟಾದ ಮೇಲೆ ಮಾಡುತ್ತಿದ್ದದ್ದೂ ಇದನ್ನೇ. ನಾನು ಬೆಳಗಾವಿಯಿಂದ ಒಯ್ದಿದ್ದ ಕುಂದಾದ ಡಬ್ಬಿಯನ್ನು ತೆರೆದು ಮೂಸಿ ನೋಡಿ, ಮುಚ್ಚಿ, ಬೇರೆ ಕಪಾಟಿನಲ್ಲಿಟ್ಟರು. ಆ ರಾತ್ರಿ ತೆಂಗಿನ ಹಾಲಿನ ಕೋಳಿ ಸಾರು ಇತ್ತು. ಮಾಂಸದ ಊಟದೊಡನೆ ಹಾಲಿನ ಪದಾರ್ಥ ಅವರಿಗೆ ವರ್ಜ್ಯ. “ನಾಳೆ ಪ್ರಾರ್ಥನೆ ಮುಗಿಸಿ ಬಂದ ಮೇಲೆ ತಿನ್ನೋಣ, ಪೋರಿ.” ಮಧ್ಯಾಹ್ನ ಮಂದಿರದಲ್ಲಿ ಕಂಡದ್ದಕ್ಕಿಂತ ಹೆಚ್ಚನ್ನು ಆ ಎರಡು ಕಪಾಟುಗಳು ನನಗೆ ತಿಳಿಸಿದವು.

ಶನಿವಾರ ಬೆಳಿಗ್ಗೆ ಹೋದಾಗ ಬಾಗಿಲಲ್ಲಿ ಕಾವಲಿನವರು ನನ್ನ ಗುರುತಿನ ಚೀಟಿಯನ್ನು ಪರೀಕ್ಷಿಸಿದರು. 2008ರ ನವೆಂಬರಿನಲ್ಲಿ ನರಿಮನ್ ಹೌಸಿನ ಯಹೂದಿ ಕೇಂದ್ರದ ಮೇಲೆ ನಡೆದ ಹತ್ಯಾಕಾಂಡದ ನಂತರ ಎಲ್ಲ ಸಭಾಮಂದಿರಗಳಲ್ಲಿಯೂ ಈ ಎಚ್ಚರವಿದೆ. ಮೇಲಿನ ಮಹಡಿಯ ಕಟಕಟೆಯ ಪಕ್ಕದಲ್ಲಿ ಮೌಶಿ, ನಾನು, ಇನ್ನಿಬ್ಬರು ಹೆಂಗಸರು. ಕೆಳಗೆ ಬಿಳಿ ಟೊಪ್ಪಿಗೆಯ ಗಂಡಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಮೊದಲ ಪ್ರಾರ್ಥನೆಗಳು ನಡೆದಿದ್ದವು, ಆದರೆ ಹೇಖಾಲಿನ ಪರದೆ ಸರಿದಿರಲಿಲ್ಲ. ಮೌಶಿ ಪ್ರತಿಯೊಬ್ಬರ ಮೇಲೆ ಕಣ್ಣಿಟ್ಟು ತುಟಿಯಲ್ಲಿಯೇ ಏನೋ ಉಚ್ಚರಿಸುತ್ತಿದ್ದರು. ಕೇಳಿದಾಗ ವಿವರಿಸಿದರು. ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದು ಅವರಲ್ಲಿ ಶುಭವಲ್ಲ. ಅದಕ್ಕಾಗಿ ದಾವೀದನ ಕೀರ್ತನೆಗಳಲ್ಲಿನ ಹತ್ತು ಪದಗಳ ಒಂದು ವಾಕ್ಯವನ್ನು ಆರಿಸಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಪದದಂತೆ ಹೇಳುತ್ತಾರೆ. ನಮ್ಮ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವುದನ್ನು ನಾನೂ ಅವರಿಗೆ ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು. ಎರಡು ಸಲ ‘ಲಾಭ, ಲಾಭ’ ಎಂದು ಹೇಳಿ ನೋಡಿದರು.

ಆ ವಾಕ್ಯದ ಅರ್ಥ ಹೀಗಿದೆ: ನಿನ್ನ ಜನರನ್ನು ರಕ್ಷಿಸು, ನಿನ್ನ ಸ್ವಾಸ್ತ್ಯವನ್ನು ಆಶೀರ್ವದಿಸು, ಅವರನ್ನು ಪಾಲಿಸುತ್ತ ಎತ್ತಿಕೊಂಡಿರು, ಸದಾಕಾಲದ ವರೆಗೆ. ಹೀಬ್ರೂವಿನಲ್ಲಿ ಒಂಬತ್ತನೆಯ ಪದ ‘ಅದ್’, ವರೆಗೆ. ಹತ್ತನೆಯದು ‘ಹಾಓಲಾಮ್’, ಸದಾಕಾಲ.

ಮೌಶಿ ‘ಅದ್’ ಎಂಬಲ್ಲಿಗೆ ಬಂದು ನಿಂತರು. ಕೆಳಗಿನವರೂ ಪುಸ್ತಕದಿಂದ ಕಣ್ಣೆತ್ತಿ ಬಾಗಿಲ ಕಡೆ ನೋಡುತ್ತಿದ್ದರು. ಒಬ್ಬರು ಹೊರಗೆ ಹೋಗಿ ಬೀದಿ ನೋಡಿ ಬಂದರು. ಹಮಾಲರ ಕೂಗು, ಕೈಗಾಡಿಗಳ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಸುಮಾರು ಇಪ್ಪತ್ತು ನಿಮಿಷ ಕಳೆದ ಮೇಲೆ ಮಧ್ಯವಯಸ್ಸಿನ ಒಬ್ಬರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ಮೆಜುಜಾ ಮುಟ್ಟಿದ ಬೆರಳನ್ನು ಇನ್ನೂ ತುಟಿಯಿಂದ ತೆಗೆಯದೆ ತಮ್ಮ ಜಾಗಕ್ಕೆ ನಡೆದರು. ಅವರ ಮನೆ ಠಾಣೆಯಲ್ಲಿದೆಯೆಂದೂ, ಇಂದು ಮುಂಬಯಿ ಭಾಗದ ಯಹೂದಿಗಳಲ್ಲಿ ಹೆಚ್ಚಿನವರು ಇರುವುದು ಅಲ್ಲಿಯೇ ಎಂದೂ, ಅಲ್ಲಿನ 1879ರ ಶಾರ್ ಹಶಾಮಾಯಿಮ್ ಸಭಾಮಂದಿರ ಶನಿವಾರ ಚೆನ್ನಾಗಿ ತುಂಬುತ್ತದೆಯೆಂದೂ ಮೌಶಿ ಆಮೇಲೆ ಹೇಳಿದರು. ಅಲ್ಲಿ ಅವರಿಲ್ಲದಿದ್ದರೂ ಲೆಕ್ಕ ಮುಗಿಯುತ್ತದೆ. ಇಲ್ಲಿ ಮುಗಿಯುವುದಿಲ್ಲವೆಂದು ಇಷ್ಟು ದೂರ ಬರುತ್ತಾರೆ.

“ಹಾಓಲಾಮ್,” ಎಂದರು ಮೌಶಿ, ಈ ಸಲ ನನಗೆ ಕೇಳಿಸುವಂತೆ. ಕೆಳಗೆ ಇಬ್ಬರು ಎದ್ದು ಹೋಗಿ ಹೇಖಾಲಿನ ಪರದೆಯನ್ನು ಸರಿಸಿದರು.